ಮೇಷ್ಟ್ರು ಹಾಕಿದ ಬಿಳಿ ಗೆರೆ

ಬೀದಿಯವರೆಲ್ಲ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ಅದು ಅವಳ ನಾದಿನಿಯ ಕೃಪೆ. ಬೆಳಗಿನಿಂದ ಸಂಜೆಯವರೆಗೆ ಆ ನಾದಿನಿ ತಾರಸಿಯ ಮೇಲಿಂದ ‘ಅತ್ತಿಗೇ, ದಾರ ಮುಗೀತು’, ‘ಅತ್ತಿಗೇ, ಮೋಡ ಕವೀತು’ ಎಂದು ಕೂಗಿ ಕೂಗಿ, ಕೆಳಗಿನ ಸೈಕಲ್ ಅಂಗಡಿಯವನು, ಎದುರಿನ ಇಸ್ತ್ರಿಯವನು, ಕೊನೆಗೆ ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವನಾದ ಪೋಸ್ಟ್‌ಮ್ಯಾನ್ ಕೂಡ ಬೇರೆ ಹೆಸರು ಹುಡುಕುವ ಗೋಜಿಗೆ ಹೋಗದೆ ಅತ್ತಿಗೆ ಎಂದುಬಿಟ್ಟರು. ಅವಳ ಗಂಡ ಲಾರಿ ಓಡಿಸುವವನು, ವಾರದಲ್ಲಿ ಐದು ದಿನ ರಸ್ತೆಯ ಮೇಲೆ. ಅವನು ಮನೆಗೆ ಬಂದಾಗ ಇಸ್ತ್ರಿಯವನು ‘ಅತ್ತಿಗೆ ಮೇಲಿದ್ದಾರೆ’ ಎಂದರೆ, ಇವನಿಗೆ ನನ್ನ ಹೆಂಡತಿ ಯಾವಾಗ ಅತ್ತಿಗೆಯಾದಳು ಎಂದು ಅವನು ಪ್ರತಿ ಸಲವೂ ಒಂದು ಗಳಿಗೆ ಯೋಚಿಸುತ್ತಿದ್ದ.

ಸೈಕಲ್ ಅಂಗಡಿಯ ಮೇಲಿದ್ದ ಅವರ ಮನೆಯ ಉದ್ದನೆಯ ಕೋಣೆಯಲ್ಲಿ ಅತ್ತಿಗೆ ಹಳೆಯ ಕೌದಿಗಳಿಂದ ಚೀಲ ಹೊಲಿಯುತ್ತಿದ್ದಳು. ಮನೆ ಖಾಲಿ ಮಾಡುವವರು, ಪೆಟ್ಟಿಗೆಯಲ್ಲಿಟ್ಟು ಮರೆತವರು, ಮಂಚದ ಕೆಳಗೆ ತುರುಕಿದವರು ಎಲ್ಲರೂ ತಂದುಕೊಡುತ್ತಿದ್ದರು. ಹಳೆಯ ಸೀರೆ, ಅಂಗಿ, ಪರದೆಗಳನ್ನು ಪದರ ಪದರವಾಗಿ ಹಾಸಿ, ಯಾರೋ ತಿಂಗಳುಗಟ್ಟಲೆ ಕೂತು ಸಾಲು ಸಾಲಾಗಿ ಹೊಲಿದ ಕೌದಿಗಳು. ಕೊಡುವಾಗ ಕೆಲವರ ಮುಖ ಸಣ್ಣಗಾಗುತ್ತಿತ್ತು. ಅವರಿಗೆ ಅತ್ತಿಗೆ ಒಂದೇ ಮಾತು ಹೇಳುತ್ತಿದ್ದಳು. “ಪೆಟ್ಟಿಗೇಲಿಟ್ಟರೆ ಹುಳಕ್ಕೆ ಊಟ. ನಾಲ್ಕು ಜನರ ಹೆಗಲ ಮೇಲೆ ಹೋದರೆ ಊರೆಲ್ಲ ತಿರುಗುತ್ತೆ. ಹೇಳಿ, ಯಾವುದು ಚೆಂದ?” ಈ ಮಾತು ಕೇಳಿದ ಮೇಲೆ ಕೌದಿಯನ್ನು ವಾಪಸ್ ಎತ್ತಿಕೊಂಡು ಹೋದವರು ಯಾರೂ ಇರಲಿಲ್ಲ.

ಆದರೆ ಇಷ್ಟೆಲ್ಲ ಹೇಳುವವಳು ತನ್ನ ತಾಯಿ ಹೊಲಿದ ಕೌದಿಯನ್ನು ಮಾತ್ರ ಹನ್ನೊಂದು ವರ್ಷದಿಂದ ಗೋಡೆಗೆ ನೇತುಹಾಕಿದ್ದಳು. ಹೊದ್ದವರಿಲ್ಲ, ಹಾಸಿದವರಿಲ್ಲ. ಅದರ ಮೇಲೆ ಬಿಸಿಲು ಬೀಳದಂತೆ ಕಿಟಕಿಗೆ ಪರದೆ ಬೇರೆ. ಗಿರಾಕಿಗಳು ಅದರ ಕಡೆ ಬೆರಳು ತೋರಿಸಿದರೆ “ಅದು ಮಾರೋದಲ್ಲ” ಎಂದು ಅವಳ ಮುಖ ಬಿಗಿಯುತ್ತಿತ್ತು. ನಮ್ಮ ಉಪದೇಶ ನಮ್ಮ ಹೊಸ್ತಿಲು ದಾಟಿ ಒಳಗೆ ಬರುವುದು ಕಡಿಮೆ. ಅತ್ತಿಗೆಯನ್ನು ಅದಕ್ಕಾಗಿ ಬೈಯುವ ಹಕ್ಕು ನಮಗೆ ಯಾರಿಗೂ ಇಲ್ಲ.

ಕೆಲಸದ ಕ್ರಮ ಹೀಗಿತ್ತು. ನಾದಿನಿ ಕೌದಿಗಳನ್ನು ತೊಳೆದು ತಾರಸಿಯಲ್ಲಿ ಒಣಗಿಸಿ, ಬೆಳಕಿಗೆ ಹಿಡಿದು ಎಲ್ಲಿ ಸವೆದಿದೆ, ಎಲ್ಲಿ ಗಟ್ಟಿಯಿದೆ ಎಂದು ನೋಡುವಳು. ಗಟ್ಟಿಯಿರುವ ಜಾಗದ ಸುತ್ತ ಬಿಳಿ ದಾರದಲ್ಲಿ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕುವಳು. ಅತ್ತಿಗೆ ಆ ಬಿಳಿ ಗೆರೆಯ ಗುಂಟ ಕತ್ತರಿ ಓಡಿಸುವಳು. ಗೆರೆಯ ಒಳಗಿನದು ಚೀಲಕ್ಕೆ, ಹೊರಗಿನದು ಗೋಣಿಗೆ. ಒಂಬತ್ತು ವರ್ಷದಲ್ಲಿ ಇಬ್ಬರೂ ಇದರ ಬಗ್ಗೆ ಮಾತಾಡುವ ಅಗತ್ಯವೇ ಬಿದ್ದಿರಲಿಲ್ಲ. ಮೇಜಿನ ಮೇಲೆ ಬಿಳಿ ಗೆರೆಯ ಕೌದಿ ಇದೆಯೆಂದರೆ ಅದು ಕತ್ತರಿಗೆ ಸಿದ್ಧವಾಗಿದೆ ಎಂದು ಅರ್ಥ. ಅಪರೂಪಕ್ಕೆ ರಿಪೇರಿಗೆಂದು ಬಂದ ಕೌದಿಗಳಿಗೆ ಬಾಗಿಲ ಪಕ್ಕದಲ್ಲಿ ಬೇರೆ ಕುರ್ಚಿ ಇತ್ತು.

ಆ ಮಂಗಳವಾರ ಅತ್ತಿಗೆ ದಾರ ತರಲು ಹೋಗಿದ್ದಳು. ವಾಪಸ್ ಬಂದಾಗ ಮೇಜಿನ ತುದಿಯಲ್ಲಿ ಅಚ್ಚುಕಟ್ಟಾಗಿ ಮಡಿಸಿದ ಕೌದಿಯೊಂದಿತ್ತು. ಬಿಚ್ಚಿ ನೋಡಿದರೆ ಹಣ್ಣೆಲೆ ಬಣ್ಣ, ಅಲ್ಲಲ್ಲಿ ಕಡುನೀಲಿ ತುಂಡುಗಳು. ಅಂಚೆಲ್ಲ ಹಿಂಜಿಹೋಗಿದ್ದರೂ ಮಧ್ಯದ ಹೊಲಿಗೆ ಇರುವೆ ಸಾಲಿನಷ್ಟು ಸಣ್ಣ, ಸಮ. ಐದು ಕಡೆ ಬಿಳಿ ದಾರದ ಚೌಕ. ಮೊದಲ ಚೌಕದ ಗೆರೆ ಮಾತ್ರ ಸೊಟ್ಟಪಟ್ಟ. ಮುಂದಿನವು ಬರಬರುತ್ತ ನೆಟ್ಟಗಾಗಿ, ಮೂಲೆಗಳು ಅಳೆದು ತಿರುಗಿಸಿದಂತೆ ಚೊಕ್ಕವಾಗಿದ್ದವು. ‘ಇವಳ ಕೈಗೆ ಇವತ್ತು ಏನಾಗಿದೆ?’ ಎಂದು ಅತ್ತಿಗೆಗೆ ಅನ್ನಿಸಿತು. ಕೇಳೋಣವೆಂದರೆ ನಾದಿನಿ ತಾರಸಿಯಲ್ಲಿ, ಹನಿ ಬೀಳುವುದರೊಳಗೆ ಒಣಗಿದ್ದನ್ನು ಬಾಚಿಕೊಳ್ಳುತ್ತಿದ್ದಳು. ಅತ್ತಿಗೆ ಕೇಳಲಿಲ್ಲ. ಕತ್ತರಿ ಹಿಡಿದು ಐದು ಚೌಕವನ್ನೂ ಗೆರೆ ತಪ್ಪದಂತೆ ಕತ್ತರಿಸಿದಳು. ಶುಕ್ರವಾರದ ಹೊತ್ತಿಗೆ ಮೂರು ಚೀಲವಾದವು. ಶನಿವಾರದ ಸಂತೆಯಲ್ಲಿ ಎರಡು ಮಾರಿಹೋದವು.

ಸೋಮವಾರ ಬೆಳಗ್ಗೆ ಎರಡು ಹೊಲಿಗೆ ಯಂತ್ರಗಳೂ ಒಟ್ಟಿಗೆ ಓಡುತ್ತಿದ್ದಾಗ ಬಾಗಿಲಲ್ಲಿ ‘ಪೀಂ’ ಎಂದು ಸೀಟಿ ಕೇಳಿತು. ಇಬ್ಬರ ಕಾಲೂ ತಾನಾಗಿ ನಿಂತುಬಿಟ್ಟಿತು.

ಬಾಗಿಲಲ್ಲಿ ಎತ್ತರದ ಮುದುಕರೊಬ್ಬರು. ಬಿಳಿ ಕ್ಯಾನ್ವಾಸ್ ಬೂಟು, ಕುತ್ತಿಗೆಗೆ ದಾರದಲ್ಲಿ ಸೀಟಿ. ಮೂವತ್ತು ವರ್ಷ ಶಾಲೆಯ ಮೈದಾನದಲ್ಲಿ ಮಕ್ಕಳನ್ನು ಸಾಲು ನಿಲ್ಲಿಸಿದ ಡ್ರಿಲ್ ಮೇಷ್ಟ್ರು. ನಿವೃತ್ತರಾದ ಮೇಲೂ ಸೀಟಿ ಮಾತ್ರ ಬಿಟ್ಟಿರಲಿಲ್ಲ.

“ಕ್ಷಮಿಸಿ, ಮೂರು ಸಲ ಕೂಗಿದೆ, ನಿಮಗೆ ಕೇಳಿಸಲಿಲ್ಲ” ಎಂದರು. “ನನ್ನ ಕೌದಿ ಎಲ್ಲಿಗೆ ಬಂತು?”

“ಯಾವ ಕೌದಿ ಮೇಷ್ಟ್ರೇ?”

“ಮಂಗಳವಾರ ರಿಪೇರಿಗೆ ಕೊಟ್ಟು ಹೋಗಿದ್ದೆ, ಇವರ ಕೈಗೆ. ಹಣ್ಣೆಲೆ ಬಣ್ಣದ್ದು. ಐದು ಕಡೆ ಬಿಳಿ ದಾರದಲ್ಲಿ ಗೆರೆ ಹಾಕಿದ್ದೀನಿ ನೋಡಿ, ಅಲ್ಲೆಲ್ಲ ನನ್ನ ಹೆಂಡ್ತಿ ಹೊಲಿಗೆ ಇನ್ನೂ ಗಟ್ಟಿಯಾಗಿದೆ. ಆ ಗೆರೆ ಒಳಗೆ ಯಾರೂ ಕೈ ಇಡಬಾರದು. ಅಂಚು ಮಾತ್ರ ಸರಿಮಾಡಿದರೆ ಸಾಕು.” ಆಮೇಲೆ ಸ್ವಲ್ಪ ನಾಚಿಕೊಂಡು, “ಸೂಜಿ ಹಿಡಿದದ್ದು ಜೀವಮಾನದಲ್ಲಿ ಮೊದಲ ಸಲ. ಮೈದಾನಕ್ಕೆ ಸುಣ್ಣದ ಗೆರೆ ಹಾಕಿ ಅಭ್ಯಾಸ ಇತ್ತಲ್ಲ, ಆಮೇಲಾಮೇಲೆ ಕೈ ಕೂತಿತು” ಎಂದರು.

ಅತ್ತಿಗೆ ನಾದಿನಿಯ ಕಡೆ ನೋಡಿದಳು. ನಾದಿನಿ ಖಾಲಿ ಕುರ್ಚಿಯ ಕಡೆ, ಆಮೇಲೆ ಮೇಜಿನ ಕಡೆ ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿದಳು. ಕೌದಿ ತೆಗೆದುಕೊಂಡವಳು ಅದನ್ನು ಕುರ್ಚಿಗೆ ಹಾಕುವಷ್ಟರಲ್ಲಿ ಹನಿ ಶುರುವಾಗಿತ್ತು. ಮೇಜಿನ ತುದಿಗೆ ಇಟ್ಟು ತಾರಸಿಗೆ ಓಡಿದ್ದಳು. ಆಮೇಲೆ ಅದು ನೆನಪಿನಿಂದಲೇ ಹಾರಿಹೋಗಿತ್ತು.

ಮೇಷ್ಟ್ರು ಇವರಿಬ್ಬರ ಮುಖ ಗಮನಿಸಲಿಲ್ಲ, ಅವರಿಗೆ ಹೇಳಿಕೊಳ್ಳುವುದಿತ್ತು. ಹೆಂಡತಿ ಸ್ಟೂಲಿನ ಮೇಲಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಆಗಿ ಮೂರು ವಾರ. ಶುಕ್ರವಾರ ಮನೆಗೆ ಕಳಿಸುತ್ತಾರೆ. “ಡಾಕ್ಟರು ಈಗ ನಡೆಯದೇ ಹೋದರೆ ಇನ್ನು ಮಂಚವೇ ಗತಿ ಅಂತಾರೆ. ಇವಳು ಆಸ್ಪತ್ರೆಯ ವಾಕರ್ ಹಿಡಿದರೆ ಎರಡು ಹೆಜ್ಜೆಗೆ ಬಿಟ್ಟುಬಿಡ್ತಾಳೆ. ಕೇಳಿದರೆ ಮಾತಿಲ್ಲ. ಕೌದಿ ಎಲ್ಲಿಟ್ಟಿದ್ದೀರಿ, ಕೌದಿ ಹುಷಾರು, ಇದೊಂದೇ ಮಾತು. ಮನೆಗೆ ಬಂದ ತಕ್ಷಣ ಅದನ್ನ ಹೊದಿಸಿದರೆ ಅವಳಿಗೆ ಜೀವ ಬರುತ್ತೆ. ನನಗೆ ಗೊತ್ತು. ಶುಕ್ರವಾರ ಆಗುತ್ತಲ್ಲ?”

“ಶುಕ್ರವಾರ ನಾನೇ ಮನೆಗೆ ತಂದುಕೊಡ್ತೀನಿ” ಎಂದಳು ಅತ್ತಿಗೆ.

ಬೂಟಿನ ಸದ್ದು ಮೆಟ್ಟಿಲಿಳಿದು ಹೋದ ಮೇಲೆ ನಾದಿನಿ ತಲೆ ಮೇಲೆ ಕೈ ಹೊತ್ತು ಕೂತಳು. ಅತ್ತಳು. ತಪ್ಪು ತನ್ನದೆಂದಳು. ಆಮೇಲೆ ಮೂಗು ಒರೆಸಿಕೊಂಡು ಉಪಾಯ ಹೇಳಿದಳು. “ಅತ್ತಿಗೆ, ಗೋದಾಮಿನಲ್ಲಿ ಅಂಥದ್ದೇ ಬಣ್ಣದ್ದು ಒಂದಿದೆ. ಅಂಚು ಹೊಲಿದು ಕೊಟ್ಟುಬಿಡೋಣ. ಗಂಡಸರಿಗೆ ಎಲ್ಲ ಕೌದಿಯೂ ಒಂದೇ. ಮೇಷ್ಟ್ರಿಗೆ ಏನು ಗೊತ್ತಾಗುತ್ತೆ?”

“ಮೇಷ್ಟ್ರಿಗೆ ಗೊತ್ತಾಗಲ್ಲ. ಹೊಲಿದೋಳಿಗೆ ಗೊತ್ತಾಗುತ್ತೆ.”

“ಹಾಗಾದರೆ ಈಗಲೇ ಹೋಗಿ ನಿಜ ಹೇಳಿಬಿಡೋಣ.”

“ನಿಜ ಹೇಳ್ತೀನಿ, ಬರಿಗೈಯಲ್ಲಿ ನಿಂತು ಹೇಳಲ್ಲ.” ಅತ್ತಿಗೆ ಎದ್ದು ಗೋಣಿಯನ್ನು ನೆಲಕ್ಕೆ ಸುರಿದಳು. “ಆ ಕೌದಿ ಶುಕ್ರವಾರ ಆ ಮಂಚದ ಮೇಲಿರಬೇಕು. ಅದೇ ಕೌದಿ. ಒಂದು ತುಂಡೂ ಬೇರೆಯದಲ್ಲ. ಎದ್ದೇಳು. ಯಾರಿಗೆ ಮಾರಿದೆವು, ನೆನಪು ಮಾಡಿಕೋ.”

ನಾದಿನಿಗೆ ಕೌದಿ ಎಲ್ಲಿಟ್ಟೆನೆಂಬುದು ಮರೆಯಬಹುದು, ಗಿರಾಕಿಯ ಮುಖ ಮರೆಯುವುದಿಲ್ಲ. ಒಂದು ಚೀಲ ಲೈಬ್ರರಿಯ ಮೇಡಂಗೆ. ಇನ್ನೊಂದು ಬಸ್ ಕಂಡಕ್ಟರ್ ಹೆಂಗಸಿಗೆ, ಮಾರ್ಕೆಟ್‌ನಿಂದ ಕೆರೆದಂಡೆಗೆ ಹೋಗುವ ಬಸ್ಸು. ಮೂರನೆಯದು ಅಲ್ಲೇ ಮೊಳೆಗೆ ನೇತಾಡುತ್ತಿತ್ತು. ಉಳಿದ ಎರಡು ಚೌಕ ಮೇಜಿನ ಮೇಲಿದ್ದವು. ಗೋಣಿಯಿಂದ ಹಿಂಜಿದ ಅಂಚುಗಳನ್ನೆಲ್ಲ ಹೆಕ್ಕಿ ನೆಲದ ಮೇಲೆ ಜೋಡಿಸಿದರೆ, ಐದು ಕಿಟಕಿ ಕಿತ್ತ ಗೋಡೆಯಂತೆ ಕಾಣಿಸಿತು.

ಲೈಬ್ರರಿಯ ಮೇಡಂ ತಕರಾರು ಮಾಡಲಿಲ್ಲ. ಚೀಲದೊಳಗಿನ ಛತ್ರಿ, ಊಟದ ಡಬ್ಬಿ ತೆಗೆದು ಕೌಂಟರಿನ ಮೇಲಿಟ್ಟು, “ಇಪ್ಪತ್ತು ವರ್ಷದಿಂದ ಕೊಟ್ಟದ್ದನ್ನ ವಾಪಸ್ ಕೊಡಿ ಅಂತ ನಾನು ಜನರ ಹಿಂದೆ ಬಿದ್ದಿದ್ದೆ. ಇವತ್ತು ನನ್ನ ಹಿಂದೆ ಒಬ್ಬರು ಬಿದ್ದರು” ಎಂದು ನಕ್ಕು ಕೊಟ್ಟುಬಿಟ್ಟರು. ಅತ್ತಿಗೆ ಬದಲಿಗೆ ತಂದಿದ್ದ ಎರಡು ಚೀಲಗಳಲ್ಲಿ ಒಂದನ್ನು ಮಾತ್ರ ಇಟ್ಟುಕೊಂಡರು.

ಕಂಡಕ್ಟರಮ್ಮ ಹಾಗಲ್ಲ.

ಮಂಗಳವಾರ ಮಧ್ಯಾಹ್ನ ಅತ್ತಿಗೆ ಬಸ್ ಹತ್ತಿದಾಗ ಆ ಚೀಲ ಕಂಡಕ್ಟರಮ್ಮನ ಎಡಹೆಗಲಲ್ಲಿತ್ತು. ಟಿಕೆಟ್ ಯಂತ್ರ, ಚಿಲ್ಲರೆ, ನೀರಿನ ಬಾಟಲಿ ಎಲ್ಲ ಅದರಲ್ಲೇ. ಅತ್ತಿಗೆ ವಿಷಯವನ್ನೆಲ್ಲ ಹೇಳಿದಳು. ಕಂಡಕ್ಟರಮ್ಮ ಪೂರ್ತಿ ಕೇಳಿಸಿಕೊಂಡು, “ಮೊದಲು ಟಿಕೆಟ್ ತಗೊಳ್ಳಿ” ಎಂದಳು. ತಗೊಂಡ ಮೇಲೆ, “ಪಾಪ ಅನ್ನಿಸುತ್ತೆ ಅಕ್ಕ, ಆದರೆ ಕೊಡಲ್ಲ” ಎಂದಳು.

“ಇದರ ಬದಲು ಮೂರು ಚೀಲ ಕೊಡ್ತೀನಿ.”

“ಮೂವತ್ತು ಕೊಟ್ಟರೂ ಬೇಡ. ಇಲ್ಲಿ ನೋಡಿ.” ಅವಳು ರವಿಕೆಯ ಅಂಚು ಸರಿಸಿ ಹೆಗಲು ತೋರಿಸಿದಳು. ಚರ್ಮ ಕಪ್ಪಾಗಿ ದಡ್ಡುಗಟ್ಟಿತ್ತು, ಮಧ್ಯದಲ್ಲಿ ಮಾಯುತ್ತಿದ್ದ ಕೆಂಪು ಗೀರು. “ಹತ್ತು ವರ್ಷ ಇಲಾಖೆಯ ಚರ್ಮದ ಚೀಲ ತಿಂದು ಹಾಕಿದ್ದು ಇದು. ಮಲಗಿದರೂ ನೋವು. ಮೂರು ದಿನದಿಂದ ನೋವಿಲ್ಲ. ಕೈ ಎತ್ತಿ ನಾನೇ ತಲೆ ಬಾಚ್ಕೊಂಡೆ. ನೀವು ಇದನ್ನ ಕೇಳ್ತಿದ್ದೀರಲ್ಲ, ನ್ಯಾಯಾನಾ?”

ನ್ಯಾಯ ಕಂಡಕ್ಟರಮ್ಮನ ಕಡೆಗೇ ಇತ್ತು. ಆದರೂ ಅತ್ತಿಗೆ ಇಳಿಯಲಿಲ್ಲ. ಕೊನೆಯ ಸ್ಟಾಪಿನವರೆಗೆ ಹೋದಳು. ವಾಪಸ್ ಅದೇ ಬಸ್ಸಿನಲ್ಲಿ ಬಂದಳು. ಬುಧವಾರ ಬೆಳಗ್ಗೆ ಬೇರೆ ಬೇರೆ ಕೌದಿಯ ಮೂರು ಚೀಲ ತಂದು, “ಹಾಕಿ ನೋಡಿ, ಒಪ್ಪಿದರೆ ಮಾತ್ರ” ಎಂದಳು. ಕಂಡಕ್ಟರಮ್ಮ ಒಳ್ಳೆಯವಳು, ಮೂರನ್ನೂ ಒಂದೊಂದು ಟ್ರಿಪ್ ಹಾಕಿಕೊಂಡು ನೋಡಿದಳು. ಒಂದು ಜಾರಿತು. ಒಂದು ಒರಟಾಯಿತು. ಮೂರನೆಯದು ತೆಳ್ಳಗಿದ್ದು ಟಿಕೆಟ್ ಯಂತ್ರ ಪಕ್ಕೆಗೆ ತಿವಿಯಿತು. ಸಂಜೆಯ ಟ್ರಿಪ್ಪಿನಲ್ಲಿ ಡ್ರೈವರ್ ಕನ್ನಡಿಯಲ್ಲಿ ನೋಡಿ, “ಏನಮ್ಮಾ, ಈ ಅಕ್ಕನಿಗೆ ಪಾಸ್ ಮಾಡಿಸಿಕೊಡು” ಎಂದು ಕೂಗಿದ. ಬಸ್ಸೆಲ್ಲ ನಕ್ಕಿತು. ಅತ್ತಿಗೆಯೂ ನಕ್ಕಳು, ಆದರೆ ನಾಳೆ ಒಂದೇ ದಿನ ಉಳಿದಿತ್ತು.

“ನೀವು ಹಟಮಾರಿ ಅಕ್ಕ” ಎಂದಳು ಕಂಡಕ್ಟರಮ್ಮ, ಕೊನೆಯ ಸ್ಟಾಪಿನಲ್ಲಿ. “ನಾನೂ ಹಟಮಾರಿ. ಇಷ್ಟೇ ಮೆತ್ತಗೆ, ಇಷ್ಟೇ ದಪ್ಪ ಇರೋದು ತನ್ನಿ. ಆ ಕ್ಷಣ ಇದನ್ನ ಬಿಚ್ಚಿ ಕೊಡ್ತೀನಿ. ನಮ್ಮಮ್ಮನಾಣೆಗೂ.”

ಅಷ್ಟೇ ಮೆತ್ತಗೆ, ಅಷ್ಟೇ ದಪ್ಪವಿದ್ದ ಕೌದಿ ಎಲ್ಲಿದೆಯೆಂದು ಅತ್ತಿಗೆಗೆ ಗೊತ್ತಿತ್ತು. ನಿನ್ನೆಯಿಂದಲೂ ಗೊತ್ತಿತ್ತು. ಗೊತ್ತಿಲ್ಲದವಳಂತೆ ಗೋದಾಮೆಲ್ಲ ಜಾಲಾಡಿದ್ದಳು.

ಮನೆಗೆ ಬಂದವಳು ಚಪ್ಪಲಿ ಬಿಟ್ಟು, ಸ್ಟೂಲ್ ಎಳೆದು, ಗೋಡೆಯ ಮೇಲಿನ ಕೌದಿಯನ್ನು ಕೆಳಗಿಳಿಸಿದಳು. ನಾದಿನಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ಅಲ್ಲೇ ನಿಂತುಬಿಟ್ಟಳು.

“ಅತ್ತಿಗೆ, ಬೇಡ.”

“ದಾರ ಕೊಡು.”

“ನನ್ನ ತಪ್ಪಿಗೆ ನಿಮ್ಮಮ್ಮನ ಕೌದಿ ಯಾಕೆ? ನಾನು ಹೋಗಿ ಮೇಷ್ಟ್ರ ಕಾಲು ಹಿಡೀತೀನಿ.”

“ಕತ್ತರಿಸಿದ ಕೈ ನನ್ನದು. ಗೆರೆ ಸೊಟ್ಟಗಿದೆ ಅಂತ ಕಂಡಿತ್ತು. ಒಂದು ಮಾತು ಕೇಳಿದ್ದರೆ ಆಗಿತ್ತು, ಕೇಳಲಿಲ್ಲ.” ಅತ್ತಿಗೆ ಕೌದಿಯನ್ನು ಮೇಜಿನ ಮೇಲೆ ಹಾಸಿದಳು. ಹನ್ನೊಂದು ವರ್ಷ ನೇತಾಡಿ ಮೇಲಂಚು ಜೋತುಬಿದ್ದಿತ್ತು. ಅದರ ಒಂದು ಮೂಲೆಯಲ್ಲಿ ಅವಳ ಚಿಕ್ಕಂದಿನ ಹಳದಿ ಫ್ರಾಕಿನ ತುಂಡು, ಇನ್ನೊಂದರಲ್ಲಿ ಅಪ್ಪನ ಗೆರೆ ಅಂಗಿ. ಗುರುತು ಹಾಕುವುದು ಯಾವಾಗಲೂ ನಾದಿನಿಯ ಕೆಲಸ, ಈ ಸಲ ಅತ್ತಿಗೆ ತಾನೇ ಬಿಳಿ ದಾರದ ಗೆರೆ ಹಾಕಿದಳು. ಅದರ ಗುಂಟ ಕತ್ತರಿ ಓಡಿಸಿದಳು. ಕೆಲಸ ನಿಲ್ಲಿಸಿದರೆ ಅಳು ಬರುತ್ತದೆಂದು ಅವಳು ನಿಲ್ಲಿಸಲಿಲ್ಲ. ಹೆಗಲ ಪಟ್ಟಿಯೊಳಗೆ ಇನ್ನೊಂದು ಪದರ ಸೇರಿಸಿ, ಟಿಕೆಟ್ ಯಂತ್ರದ ಅಳತೆಗೆ ಒಳಗೊಂದು ಜೇಬು ಮಾಡಿ, ಗುರುವಾರದ ಮೊದಲ ಬಸ್ಸಿಗೆ ಹೊರಟಳು.

ಕಂಡಕ್ಟರಮ್ಮ ಚೀಲ ಹಾಕಿಕೊಂಡು ಮಾರ್ಕೆಟ್‌ನಿಂದ ಕೆರೆದಂಡೆಯವರೆಗೆ ಟಿಕೆಟ್ ಕೊಡುತ್ತ ಹೋದಳು. ಕೊನೆಗೆ ಹಳದಿ ತುಂಡನ್ನು ಬೆರಳಲ್ಲಿ ಸವರಿ, “ಇದು ಯಾರ ಕೈ ಹೊಲಿಗೆ?” ಎಂದಳು. ಅತ್ತಿಗೆ “ಒಪ್ಪಿತಾ?” ಎಂದಷ್ಟೇ ಕೇಳಿದಳು. ಕಂಡಕ್ಟರಮ್ಮ ಮೇಷ್ಟ್ರ ಕೌದಿಯ ಚೀಲದಲ್ಲಿ ಉಳಿದಿದ್ದ ಚಿಲ್ಲರೆಯನ್ನು ಸೀಟಿನ ಮೇಲೆ ಸುರಿದು, ಖಾಲಿ ಚೀಲವನ್ನು ಮಡಿಸಿ ಎರಡೂ ಕೈಯಿಂದ ಕೊಟ್ಟಳು. ವಾಪಸ್ ಬರುವಾಗ ಅತ್ತಿಗೆಯ ಹತ್ತಿರ ದುಡ್ಡು ತಗೊಳ್ಳದೆ, ತಾನೇ ತನ್ನ ಕೈಯಿಂದ ಹಾಕಿ ಟಿಕೆಟ್ ಹರಿದುಕೊಟ್ಟಳು.

ಆ ದಿನವೆಲ್ಲ ಅತ್ತಿಗೆ, ನಾದಿನಿ ನೆಲದಿಂದ ಎದ್ದಿದ್ದು ನೀರು ಕುಡಿಯಲು ಮಾತ್ರ. ಚೀಲಗಳನ್ನು ಬಿಚ್ಚಿದರೆ ಹೊಸ ಸಂಕಟ. ಚೀಲ ಹೊಲಿಯುವಾಗ ಅಂಚು ಸಮ ಮಾಡಲು ಸುತ್ತ ಬೆರಳಗಲ ಕತ್ತರಿಸಿದ್ದರಿಂದ ಆ ಚೌಕಗಳು ತಮ್ಮ ಜಾಗಕ್ಕೆ ಕೂಡುತ್ತಿರಲಿಲ್ಲ. ಅತ್ತಿಗೆ ಹಿಂಜಿದ ಅಂಚಿನಲ್ಲಿ ಉಳಿದ ಗಟ್ಟಿ ಎಳೆಗಳನ್ನು ಪಟ್ಟಿ ಮಾಡಿ, ಸಂದಿಗೆ ಸಂದಿ ತುಂಬಿ, ಕೈಯಲ್ಲೇ ಹೊಲಿದಳು. ಯಂತ್ರದ ಹೊಲಿಗೆ ಆ ಹೆಂಗಸಿನ ಹೊಲಿಗೆಯ ಪಕ್ಕದಲ್ಲಿ ನಿಂತರೆ ಕಣ್ಣಿಗೆ ಹೊಡೆಯುತ್ತಿತ್ತು. ಕೂಡಿಸಿದ ಕಡೆಯೆಲ್ಲ ಹೊಲದ ಬದುವಿನ ಹಾಗೆ ಉಬ್ಬು ಉಳಿಯಿತು. ಅದನ್ನು ಮುಚ್ಚಲು ಅವಳು ಹೋಗಲಿಲ್ಲ. ಮುಗಿಯುವ ಹೊತ್ತಿಗೆ ನಾದಿನಿಯ ಹೆಬ್ಬೆರಳು ತೂತುತೂತಾಗಿತ್ತು, ಅತ್ತಿಗೆಯ ಬೆನ್ನು ನೆಟ್ಟಗಾಗಲೇ ಒಪ್ಪಲಿಲ್ಲ. ಆದರೆ ಕೌದಿ ಒಂದಾಗಿತ್ತು. ಅದೇ ಕೌದಿ, ಒಂದು ತುಂಡೂ ಬೇರೆಯದಲ್ಲ.

ಮೇಷ್ಟ್ರ ಮನೆ ಎರಡು ಕೋಣೆಯದು. ಶುಕ್ರವಾರ ಮಧ್ಯಾಹ್ನ ಇವರಿಬ್ಬರೂ ಹೋದಾಗ ಮೇಷ್ಟ್ರ ಹೆಂಡತಿ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಸಣ್ಣ ಮೈ, ಚುರುಕು ಕಣ್ಣು. ಗೋಡೆಯ ಪಕ್ಕ ಹೊಸ ವಾಕರ್, ನಾಲ್ಕು ಕಾಲಿಗೂ ಇನ್ನೂ ಪ್ಲಾಸ್ಟಿಕ್ ಸುತ್ತಿತ್ತು. ಮೇಷ್ಟ್ರು ಕೌದಿ ತೆಗೆದುಕೊಂಡು, ಕೊಡವಿ, ಹೆಂಡತಿಯ ಕಾಲ ಮೇಲೆ ಮೂಲೆ ಹಿಡಿದು ಹಾಸಿದರು. ಹಾಸಿದವರ ಕೈ ನಿಂತಿತು.

“ಇದೇನು ಇಲ್ಲೆಲ್ಲ ಉಬ್ಬಿದೆ?”

ಕುರ್ಚಿ ಕೊಟ್ಟರೂ ಅತ್ತಿಗೆ ಕೂರಲಿಲ್ಲ. ನಿಂತೇ ಎಲ್ಲ ಹೇಳಿದಳು. ಐದೂ ಚೌಕ ಕತ್ತರಿಸಿದ್ದು, ಚೀಲ ಹೊಲಿದದ್ದು, ಮಾರಿದ್ದು, ಸೋಮವಾರ ಬಾಯಿ ಬಿಡದೆ ನಿಂತದ್ದು, ವಾಪಸ್ ತಂದದ್ದು. ತಾಯಿಯ ಕೌದಿಯ ವಿಷಯ ಮಾತ್ರ ನುಂಗಿಕೊಂಡಳು. ಅದನ್ನು, ಕಂಡಕ್ಟರಮ್ಮನ ಹೆಗಲ ನೋವಿನ ಸಮೇತ, ನಾದಿನಿ ತಡೆಯಲಾರದೆ ಹೇಳಿಬಿಟ್ಟಳು.

ಮೇಷ್ಟ್ರ ಮುಖ ಕೆಂಪಾಯಿತು, ಆಮೇಲೆ ಬಿಳುಚಿತು. ಮಂಚದ ಅಂಚಿಗೆ ಕುಸಿದು ಕೂತರು. “ಕೈ ಇಡಬಾರದು ಅಂತ ಗೆರೆ ಹಾಕಿದ್ದೆ.”

“ನಮ್ಮಲ್ಲಿ ಅದು ಕತ್ತರಿಸೋ ಗೆರೆ ಮೇಷ್ಟ್ರೇ. ಕೇಳದೆ ಕತ್ತರಿಸಿದ್ದು ನನ್ನ ತಪ್ಪು. ಹೊಟ್ಟೆಗೆ ಹಾಕಿಕೊಳ್ಳಿ ಅಂತ ಕೇಳೋಕೂ ಮುಖ ಇಲ್ಲ.”

ಹೆಂಡತಿ ಅಲ್ಲಿಯವರೆಗೆ ಸುಮ್ಮನೆ ಉಬ್ಬುಗಳನ್ನು ಬೆರಳಲ್ಲಿ ಸವರುತ್ತಿದ್ದರು. ಈಗ ತಲೆಯೆತ್ತಿದರು. “ಗೆರೆ ಯಾರು ಹಾಕಿದ್ದು?”

“ನಾನೇ” ಎಂದರು ಮೇಷ್ಟ್ರು.

“ನೀವಾ? ಸೂಜಿ ಹಿಡಿದು?”

ಆಕೆಗೆ ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಮೈಯೆಲ್ಲ. ಸೊಂಟ ನೋವಾಯಿತೆಂದು ಒಂದು ಕೈ ಒತ್ತಿಹಿಡಿದುಕೊಂಡು ನಕ್ಕರು. “ನಲವತ್ತು ವರ್ಷ ಒಂದು ಗುಂಡಿ ಹಾಕಿಕೊಂಡವರಲ್ಲ. ಒಂದೇ ಒಂದು ಸಲ ಸೂಜಿ ಹಿಡಿದರು, ನೋಡಿ, ಕೌದಿ ಐದು ಚೂರು!” ನಗು ನಿಂತ ಮೇಲೆ ಕಣ್ಣೊರೆಸಿಕೊಂಡು, “ಅಲ್ಲಾ ರೀ, ಕೌದಿ ರಿಪೇರಿ ಮಾಡಿಸಿ ಅಂತ ನಾನು ಯಾವಾಗ ಹೇಳಿದೆ?” ಎಂದರು.

“ಕೌದಿ ಎಲ್ಲಿ ಕೌದಿ ಎಲ್ಲಿ ಅಂತ ಪ್ರಾಣ ತಿಂದೆಯಲ್ಲ?”

“ಯಾಕೆ ಅಂತ ಕೇಳಿದಿರಾ? ಹೊದ್ದುಕೊಳ್ಳೋಕೆ ಕೇಳಿದ್ದಲ್ಲ ನಾನು. ಹೊದ್ದು ಮಲಗಿದ್ದು ಜನ್ಮಕ್ಕಾಗುವಷ್ಟಾಯಿತು.” ಅವರು ವಾಕರ್ ಕಡೆ ಗಲ್ಲ ಎತ್ತಿ ತೋರಿಸಿದರು. “ಅದನ್ನ ಹಿಡಿದರೆ ಎರಡೂ ಕೈ ಅಲ್ಲೇ. ಒಂದು ಲೋಟ ನೀರು ಬೇಕಂದರೆ ಹೊತ್ತು ತರೋದು ಹೇಗೆ? ಕನ್ನಡಕ ಬಿಟ್ಟು ಬಂದರೆ? ಎಲ್ಲದಕ್ಕೂ ನಿಮ್ಮನ್ನ ಕೂಗಬೇಕು. ಹಾಗೆ ನಡೆಯೋದಕ್ಕಿಂತ ಮಲಗಿರೋದೇ ವಾಸಿ ಅನ್ನಿಸಿತು. ಆಮೇಲೆ ಹೊಳೀತು, ಮನೆಗೆ ಬಂದು ಆ ಕೌದಿ ಹರಿದು ಅದಕ್ಕೊಂದು ಚೀಲ ಕಟ್ಟಿಕೊಂಡರಾಯಿತು ಅಂತ.”

ನಾದಿನಿ ಮೆಲ್ಲಗೆ ಅತ್ತಿಗೆಯ ಮುಖ ನೋಡಿದಳು.

ಅತ್ತಿಗೆಗೆ ಉರಿದುಹೋಯಿತು. ಸುಳ್ಳು ಹೇಳುವುದೇಕೆ, ಆ ಕ್ಷಣಕ್ಕೆ ಮೇಷ್ಟ್ರ ಮೇಲೆ, ಅವರ ಹೆಂಡತಿಯ ಮೇಲೆ, ತನ್ನ ಮೇಲೆ, ಲೋಕದ ಕೌದಿಗಳ ಮೇಲೆಲ್ಲ ಸಿಟ್ಟು ಬಂತು. ನಾಲ್ಕು ದಿನದಿಂದ ತಡೆದದ್ದು ಒಡೆದು, “ನಮ್ಮಮ್ಮನ ಕೌದಿ ಕತ್ತರಿಸಿಬಿಟ್ಟೆನಲ್ಲ” ಎಂದು ನಿಂತಲ್ಲೇ ಅತ್ತುಬಿಟ್ಟಳು. “ಹನ್ನೊಂದು ವರ್ಷ ಗೋಡೆ ಮೇಲೆ ಜೋಪಾನ ಮಾಡಿದ್ದೆ.”

ಮೇಷ್ಟ್ರ ಹೆಂಡತಿ ಅವಳ ಕೈಹಿಡಿದು ಮಂಚದ ಮೇಲೆ ಕೂರಿಸಿಕೊಂಡರು. ಅಳು ಮುಗಿಯುವವರೆಗೂ ಕಾದರು.

“ಗೋಡೆ ಮೇಲಾ?”

“ಹೂಂ.”

“ಆ ಕಂಡಕ್ಟರ್ ಹೆಗಲು ಈಗ ನೋಯುತ್ತಾ?”

“ಇಲ್ಲ.”

“ಮತ್ತೆ?”

ಅತ್ತಿಗೆ ಒಂಬತ್ತು ವರ್ಷದಿಂದ ಬೇರೆಯವರಿಗೆ ತಾನೇ ಹೇಳಿಕೊಂಡು ಬಂದ ಮಾತು ಅದು. ತನಗೆ ಯಾರೂ ಹೇಳಿರಲಿಲ್ಲ.

ಅವಳು ಮೂಗು ಒರೆಸಿಕೊಂಡು ಎದ್ದಳು. ಕೈಚೀಲದಿಂದ ಹೊಲಿಗೆಯ ಡಬ್ಬಿ ತೆಗೆದಳು. “ಕಂಡಕ್ಟರಮ್ಮ ಕೊಟ್ಟ ಚೌಕ ಇದು. ಇದರ ಪಟ್ಟಿ, ಒಳಜೇಬು ಎಲ್ಲ ಇಲ್ಲೇ ಇದೆ, ಬಿಸಾಡಿಲ್ಲ. ಇದನ್ನೇ ಬಿಚ್ಚಲಾ?”

“ಬಿಚ್ಚು. ವಾಕರ್ ಹಿಡಿಗೂ ಸ್ವಲ್ಪ ಸುತ್ತು, ತಣ್ಣಗೆ ಕೊರೆಯುತ್ತೆ. ತೂತಿನ ಚಿಂತೆ ಬೇಡ. ನಿಮ್ಮಮ್ಮನ ಕೌದಿ ಉಳಿದಿದೆಯಲ್ಲ, ಅದರಲ್ಲಿ ಒಂದು ತುಂಡು ತಂದುಕೊಡು. ನಾನೇ ಕೂತು ಹೊಲೀತೀನಿ. ಆ ಕೈ ಹೇಗಿದೆ ನೋಡಬೇಕು ನನಗೆ.”

ಹಿಂದಿನ ದಿನ ಅಷ್ಟು ಕಷ್ಟಪಟ್ಟು ಹಾಕಿದ ಹೊಲಿಗೆಯನ್ನು ಅತ್ತಿಗೆ ಒಂದೊಂದಾಗಿ ಬಿಚ್ಚಿದಳು. ಮೇಷ್ಟ್ರು ಪಕ್ಕದಲ್ಲಿ ಕೂತು ಬಿದ್ದ ದಾರದ ಚೂರುಗಳನ್ನು ಹೆಕ್ಕಿ ಅಂಗೈಯಲ್ಲಿ ಕೂಡಿಸುತ್ತಿದ್ದರು. ಅವರಿಗೆ ಇನ್ನೂ ಪೂರ್ತಿ ಸಮಾಧಾನವಾಗಿರಲಿಲ್ಲ. ಆದರೆ ಮೂರು ವಾರದ ಮೇಲೆ ಹೆಂಡತಿ ಹೀಗೆ ಕೂತು ಜೋರು ಮಾಡುವುದನ್ನು ನೋಡುತ್ತ ಸಿಟ್ಟು ಮಾಡುವುದು ಅವರ ಕೈಲಾಗಲಿಲ್ಲ. ಒಂದು ತಾಸಿನೊಳಗೆ ಚೀಲ ಮತ್ತೆ ಚೀಲವಾಗಿ, ವಾಕರ್‌ನ ಮುಂದಿನ ಸರಳಿಗೆ ನಾಲ್ಕು ಕಡೆ ಬಿಗಿಯಾಗಿ ಕೂತಿತು. ನಾದಿನಿ ಕಾಲುಗಳ ಪ್ಲಾಸ್ಟಿಕ್ ಕಿತ್ತು ಹಾಕಿದಳು.

ಮೇಷ್ಟ್ರ ಹೆಂಡತಿ ಕನ್ನಡಕ ಹಾಕಿದರು ಚೀಲಕ್ಕೆ. ತಮ್ಮ ಸೂಜಿ ಡಬ್ಬಿ ಹಾಕಿದರು. ಆಮೇಲೆ ಗಂಡನ ಕಡೆ ಕೈ ಚಾಚಿ, “ಅದನ್ನೂ ಕೊಡಿ” ಎಂದರು.

“ಯಾವುದು?”

“ಕುತ್ತಿಗೇಲಿದೆಯಲ್ಲ.”

ಮೇಷ್ಟ್ರು ಸೀಟಿಯನ್ನು ಕುತ್ತಿಗೆಯಿಂದ ತೆಗೆಯುವುದನ್ನು ಊರಿನಲ್ಲಿ ಯಾರೂ ನೋಡಿರಲಿಲ್ಲ. ಅವತ್ತು ತೆಗೆದು ಕೊಟ್ಟರು. ಅದೂ ಚೀಲಕ್ಕೆ ಹೋಯಿತು. ಆಕೆ ಹಲ್ಲು ಕಚ್ಚಿ ಎದ್ದು ನಿಂತರು. ಮೇಷ್ಟ್ರು ಹಿಡಿಯಲು ಎರಡೂ ಕೈ ಮುಂದೆ ಚಾಚಿದರೆ, “ಕೈ ಹಿಂದೆ ಕಟ್ಕೊಳ್ಳಿ” ಎಂದು ಗದರಿದರು. ಸಾವಿರಾರು ಮಕ್ಕಳಿಗೆ ಅದೇ ಮಾತು ಹೇಳಿದ್ದ ಮೇಷ್ಟ್ರು ಕೈ ಹಿಂದೆ ಕಟ್ಟಿಕೊಂಡು ನೆಟ್ಟಗೆ ನಿಂತರು.

ಎರಡು ಹೆಜ್ಜೆಯಾಯಿತು. ನಿಂತರು. ಉಸಿರು ತೆಗೆದುಕೊಂಡು ಮೂರನೆಯದು. ನಾಲ್ಕು. ವಾಕರ್ ಕಟ್ ಕಟ್ ಎನ್ನುತ್ತ ಬಾಗಿಲು ದಾಟಿ ಅಡುಗೆಮನೆಯ ಕಡೆ ತಿರುಗಿ ಕಣ್ಣಿಂದ ಮರೆಯಾಯಿತು. ಆಮೇಲೆ ಸದ್ದು ನಿಂತುಹೋಯಿತು. ಮೂವರೂ ಬಾಗಿಲನ್ನೇ ನೋಡುತ್ತಿದ್ದರು.

ಒಳಗಿನಿಂದ ಉದ್ದಕ್ಕೆ ಸೀಟಿ ಕೇಳಿತು.

ಮೇಷ್ಟ್ರು ಎದ್ದುಬಿದ್ದು ಓಡಿದರು. “ಏನಾಯ್ತು? ಏನಾಯ್ತು?” ಎಂದು ಅವರ ದನಿ, “ಏನೂ ಆಗಿಲ್ಲ, ಬಂದು ಮುಟ್ಟಿದೆ ಅಂತ ಹೇಳಿದೆ” ಎಂದು ಆಕೆಯ ದನಿ. ನಾದಿನಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು, ಅಳುತ್ತಲೂ ಇದ್ದಳು. ಅತ್ತಿಗೆ ಚೀಲ ಹೊಲಿಯುವಾಗ ಕುತ್ತಿಗೆಗೆ ಹಾಕಿಕೊಂಡಿದ್ದ ಅಳತೆ ಪಟ್ಟಿಯನ್ನು ಎಳೆದು, ಮಂಚದ ಮೇಲಿನ ಕೌದಿಯ ತೂತಿನ ಉದ್ದ ಅಗಲ ತೆಗೆದುಕೊಂಡಳು.